ಹಸಿರು ಬಳೆ ಇಟ್ಟವಳ ಹೆಸರು

ಕಲ್ಲನ್ನು ಮೊದಲು ಕೆತ್ತಬೇಕು, ಆಮೇಲೆ ನಿಲ್ಲಿಸಬೇಕು. ನಮ್ಮ ಕಸುಬಿನಲ್ಲಿ ಇದು ನಿನ್ನೆ ಮೊನ್ನೆ ಉಳಿ ಹಿಡಿದವನಿಗೂ ಗೊತ್ತು. ಆದರೆ ದೇವದುರ್ಗದ ತಾಲ್ಲೂಕು ಕಚೇರಿಯವರು ಮೊದಲು ಕಂಬ ನಿಲ್ಲಿಸಿ, ಬುಡಕ್ಕೆ ಗಚ್ಚು ಹಾಕಿ, ಸುತ್ತ ಕಟ್ಟೆ ಕಟ್ಟಿ, ಕಟ್ಟೆಗೆ ಸುಣ್ಣ ಬಳಿದು, ಆಮೇಲೆ ಕೆತ್ತುವವನನ್ನು ಹುಡುಕಿಕೊಂಡು ರಾಯಚೂರಿಗೆ ಬಂದರು. ಕೋಟೆ ಗೋಡೆಯ ಬುಡದಲ್ಲಿ ನಮ್ಮದೊಂದು ತಗಡಿನ ಚಪ್ಪರ. ಅಪ್ಪನ ಕಾಲದಿಂದಲೂ ಅಲ್ಲಿ ಗೋರಿಕಲ್ಲು ಕೆತ್ತುತ್ತಿದ್ದೆವು. ಗುಡಿಗೆ ದಾನ ಕೊಟ್ಟವರ ಹಾಸುಗಲ್ಲು, ಮಂತ್ರಿಗಳು ಬಂದರೆ ಉದ್ಘಾಟನೆಯ ಕಲ್ಲು, ಇವು ನಡುನಡುವೆ. ಉರ್ದು, ಕನ್ನಡ, ತೆಲುಗು ಮೂರೂ ನನ್ನ ಕೈಗೆ ಬರುತ್ತಿದ್ದವು. ಹಾಗಾಗಿ ನನ್ನನ್ನೇ ಹಿಡಿದರು.

ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷ ಅದು. ಆಗಸ್ಟ್ ಹದಿನೈದಕ್ಕೆ ಕಂಬದ ಉದ್ಘಾಟನೆ, ಅದರ ಮೇಲೆ ತಾಲ್ಲೂಕಿನ ಹೋರಾಟಗಾರರ ಹೆಸರೆಲ್ಲ ಇರಬೇಕು ಎಂದರು. ಮಲಗಿಸಿದ ಕಲ್ಲಿನ ಮೇಲೆ ಕೂತು ಕೆತ್ತುವುದು ಬೇರೆ, ನಿಂತ ಕಲ್ಲಿಗೆ ಮುಖ ಕೊಟ್ಟು ಕೆತ್ತುವುದು ಬೇರೆ. ಏಣಿಯ ಮೇಲೆ ನಿಂತು ಸುತ್ತಿಗೆ ಬೀಸಿದರೆ ಅರ್ಧ ಬಲ ಮೈ ಹಿಡಿದು ನಿಲ್ಲುವುದಕ್ಕೇ ಹೋಗುತ್ತದೆ. ಸಿಡಿದ ಚೂರು ನೇರ ಕಣ್ಣಿಗೇ ಬರುತ್ತದೆ. ನಾನು ಬೈದುಕೊಳ್ಳುತ್ತಲೇ ಸಾಮಾನು ಕಟ್ಟಿಕೊಂಡು ಹೋದೆ.

ದಾರಕ್ಕೆ ಕೆಮ್ಮಣ್ಣು ಹಚ್ಚಿ, ಎರಡು ಕಡೆ ಬಿಗಿಹಿಡಿದು, ಮೀಟಿ, ಸಾಲು ಹಾಕಿದೆ. ಆ ಸಾಲಿನ ಮೇಲೆ ಕುಂಚದಿಂದ ಹೆಸರು ಬರೆದು, ಓದಿ ನೋಡಿ, ಆಮೇಲೆ ಉಳಿ. ನಮ್ಮ ಸೀಮೆಯ ಕಲ್ಲು ಮೊಂಡು. ಒಂದು ಹೆಸರು ಮುಗಿಯುವುದರೊಳಗೆ ಉಳಿಯ ಬಾಯಿ ಹೋಗುತ್ತಿತ್ತು. ಕಚೇರಿಯ ಹಿಂದೆ ಒಂದು ಪುಟ್ಟ ಕುಲುಮೆ ಹೂಡಿ, ಉಳಿ ಕಾಯಿಸಿ, ಬಡಿದು, ನೀರು ಕುಡಿಸಿ ಮತ್ತೆ ಬರುತ್ತಿದ್ದೆ. ಅಕ್ಷರ ಎಷ್ಟು ಆಳ ಇಳಿಯಬೇಕೆಂಬುದಕ್ಕೆ ಅಪ್ಪ ಕಲಿಸಿದ ಅಳತೆ ಒಂದೇ: ಗೆರೆಯೊಳಗೆ ಜೋಳದ ಕಾಳು ಇಟ್ಟರೆ ಹುದುಗಿ ಕೂರಬೇಕು. ಅಂಗಿಯ ಜೇಬಿನಲ್ಲಿ ನಾಲ್ಕು ಕಾಳು ಯಾವಾಗಲೂ ಇರುತ್ತಿದ್ದವು.

ನನ್ನ ಮೇಲೆ ಕಣ್ಣಿಡಲು ಒಬ್ಬ ಹಿರಿಯರಿದ್ದರು. ಹೋರಾಟದಲ್ಲಿದ್ದವರು, ಅವರ ಹೆಸರೂ ಕಂಬದ ಮೇಲೆ ಬರಬೇಕಿತ್ತು. ಬಲಗಾಲು ಬಾತು ನಡೆಯಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮಗನ ಸೈಕಲ್ಲಿನ ಹಿಂದೆ ಕೂತು ಬಂದು, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ಕೆಮ್ಮಣ್ಣಿನಲ್ಲಿ ಬರೆದ ಪ್ರತಿ ಹೆಸರನ್ನೂ ಜೋರಾಗಿ ಓದುವರು. "ದುಂಡಗ ಬರಲಿ ಉಸ್ತಾದ್, ಸೊಟ್ಟ ಮಾಡಬ್ಯಾಡ" ಎನ್ನುವರು. "ಏಣಿ ಮ್ಯಾಲ ನೀವ ನಿಂತು ನೋಡ್ರಿ ಅಜ್ಜಾರ, ಯಾರು ಸೊಟ್ಟ ಅನ್ನೋದು ತಿಳೀತದ" ಎನ್ನುತ್ತಿದ್ದೆ. ಹೀಗೆ ಜಗಳವಾಡುತ್ತ ಗೆಳೆಯರಾದೆವು.

ಎಲ್ಲಕ್ಕಿಂತ ಮೇಲಿನ ಹೆಸರು ಜಾಲಹಳ್ಳಿಯ ಒಬ್ಬ ತರುಣನದು. ಹೋರಾಟದಲ್ಲಿ ಪ್ರಾಣ ಕೊಟ್ಟವನು ಅವನೊಬ್ಬನೇ. ಅದನ್ನು ಕೆತ್ತಿ ಇಳಿದ ದಿನ ಹಿರಿಯರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕೆಳಗಿನ ಸಾಲುಗಳು ಇಳಿಯುತ್ತ ಹೋದಂತೆ ಅವರ ಮಾತೂ ಇಳಿಯುತ್ತ ಹೋಯಿತು. ಇನ್ನು ಎರಡೋ ಮೂರೋ ಹೆಸರು ಉಳಿದಿರುವಾಗ ನನ್ನನ್ನು ಹತ್ತಿರ ಕರೆದರು.

"ಒಂದು ಹೆಸರ ಬಿಟ್ಟೀವಿ ಉಸ್ತಾದ್. ಹೆಣ್ಮಗಳದು."

ಅವರು ಹೇಳಿದ್ದು ಇಷ್ಟು. ತುಂಗಭದ್ರೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಈಚೆ ದಂಡೆಗೆ ಬಂದಿರಲಿಲ್ಲ. ಇಲ್ಲಿ ಇನ್ನೂ ನಿಜಾಮನ ಆಳ್ವಿಕೆ. ನಮ್ಮ ಕಡೆಯ ಗಂಡಸರು ಹೊಳೆ ದಾಟಿ ಆಚೆಯ ಶಿಬಿರ ಸೇರಿದ್ದರು. ಮನೆಯಲ್ಲಿ ಹೆಂಡಂದಿರಿಗೆ ಅವರು ಇದ್ದಾರೋ ಸತ್ತರೋ ತಿಳಿಯುವ ದಾರಿ ಇರಲಿಲ್ಲ. ಕಾಗದ ಸಿಕ್ಕರೆ ನಿಜಾಮನ ಸಿಪಾಯಿಗಳು ಮನೆಮಂದಿಯನ್ನೇ ಎಳೆದೊಯ್ಯುತ್ತಿದ್ದರು. ಆಗ ಮಾನ್ವಿ ಕಡೆಯಿಂದ ಒಬ್ಬ ಬಳೆಗಾರ್ತಿ ಬರುತ್ತಿದ್ದಳು, ನನ್ನ ಹಾಗೆ ಮುಸಲ್ಮಾನರವಳು. ಬೆನ್ನಿಗೆ ಬಳೆಯ ಮಲಾರ ಹೊತ್ತು ಊರೂರು ತಿರುಗುವವಳು. ಬಳೆಗಾರ್ತಿಗೆ ಯಾವ ಜಾತಿಯ ಮನೆಯ ಬಾಗಿಲೂ ಮುಚ್ಚುವುದಿಲ್ಲ, ನಡುಮನೆಗೆ ಕರೆದು ಕೂರಿಸುತ್ತಾರೆ. ಸಿಪಾಯಿಗಳು ಅವಳನ್ನು ತಡೆಯುತ್ತಿರಲಿಲ್ಲ, ಹೊಳೆ ದಾಟಿ ಶಿಬಿರಕ್ಕೂ ಹೋಗಿಬರುತ್ತಿದ್ದಳು. ಶಿಬಿರದಲ್ಲಿ ಜೀವಂತ ಇದ್ದವನ ಮನೆ ಮುಂದೆ ಅವಳು ನಿಂತು ಕೂಗುತ್ತಿದ್ದಳು, ಒಳಗೆ ಹೋಗಿ ಹೆಂಡತಿಯ ಕೈಗೆ ಹಸಿರು ಬಳೆ ಇಟ್ಟು ಬರುತ್ತಿದ್ದಳು. ಅವನು ಇಲ್ಲವಾಗಿದ್ದರೆ ಕೂಗದೆ ಆ ಬಾಗಿಲು ದಾಟಿ ಹೋಗಬೇಕು. ಅಷ್ಟೇ. ಒಂದು ಮಾತೂ ಬೇಡ.

"ಆಕಿ ದನಿ ಕೇಳಿದ್ರ ನಮ್ಮ ಮನಿ ಹೆಂಗಸ್ರು ಬಾಗಲ ಹಿಂದ ಜೀವ ಹಿಡಕೊಂಡು ನಿಂದ್ರತಿದ್ರಂತ," ಎಂದರು ಹಿರಿಯರು. "ನಮ್ಮಂಥೋರು ಎಷ್ಟೋ ಮಂದಿ ಆಕಿಯಿಂದ ಉಳದೀವಿ. ಹೆಸರ ಕೇಳಿದ್ರ ನನಗ ಗೊತ್ತಿಲ್ಲ. ಬಳಿ ಯವ್ವ ಅಂತಿದ್ವಿ."

ಕಚೇರಿಯ ಸಾಹೇಬರು ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು. ಮೊದಲು ಅವಳು ಮಾನ್ವಿಯವಳಲ್ಲವೇ ಎಂದು ತಲೆ ತುರಿಸಿಕೊಂಡರು. ಹಿರಿಯರು ಕುರ್ಚಿಯಿಂದ ಏಳಲು ಹೋದದ್ದನ್ನು ಕಂಡು ಒಪ್ಪಿದರು. "ಹೆಸರು, ಗಂಡನ ಹೆಸರು ಎರಡೂ ಬೇಕು. ಹಬ್ಬಕ್ಕೆ ಮುಂಚೆ ನಾನು ಬಂದು ಕಂಬ ನೋಡುತ್ತೇನೆ. ಅಷ್ಟರೊಳಗೆ ಕೆತ್ತಿದ್ದರೆ ಇರುತ್ತದೆ, ಆಮೇಲೆ ಸೇರಿಸಲು ಬರುವುದಿಲ್ಲ" ಎಂದರು. ಹಿರಿಯರ ಕಾಲು ನಡೆಯುವಂತಿಲ್ಲ. "ನಿಮ್ಮ ಮಾತಿನಾಕಿ, ನೀನ ಹೋಗು" ಎಂದು ನನಗೆ ಗಂಟುಬಿದ್ದರು. ಕೊನೆಯ ಹೆಸರಿನ ಕೆಳಗೆ ಒಂದು ಸಾಲಿನ ಜಾಗ ಬಿಟ್ಟು, ಸಿರವಾರದ ಮೇಲೆ ಹೋಗುವ ಬಸ್ಸು ಹತ್ತಿ ಮಾನ್ವಿಗೆ ಹೋದೆ.

ಬಳೆಗಾರ್ತಿ ಎಂದು ಕೇಳಿದರೆ ಮಾನ್ವಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅವಳು ಆ ಕಸುಬು ಬಿಟ್ಟು ಎಷ್ಟೋ ಕಾಲವಾಗಿತ್ತು. ಕಡೆಗೆ ಮಸೀದಿ ಓಣಿಯ ಒಬ್ಬ ಮುದುಕ ಅಕ್ಕಿ ಗಿರಣಿಯ ಕಡೆ ಕೈ ತೋರಿಸಿದ. ಗಿರಣಿಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ನುಚ್ಚು ಕೇರುತ್ತಿದ್ದರು. ಕೊನೆಯಲ್ಲಿ ಕೂತವಳು ಅವಳು. ತಲೆ ಪೂರ್ತಿ ಬೆಳ್ಳಗೆ, ಕೈಯಲ್ಲಿ ಒಂದೂ ಬಳೆಯಿಲ್ಲ. ಸಲಾಂ ಹೇಳಿ, ನನ್ನನ್ನು ಕಳಿಸಿದವರು ಯಾರು, ಅವರ ಕಾಲಿನ ಪಾಡೇನು ಎಂಬುದನ್ನೂ ಸೇರಿಸಿ, ನಮ್ಮ ಮನೆಮಾತು ಉರ್ದುವಿನಲ್ಲೇ ವಿಷಯ ತಿಳಿಸಿದೆ. ಅವಳು ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಲ್ಲಿನ ಮ್ಯಾಲ ಹೆಸರು ಅಂದ್ರ ಗೋರಿ ಮ್ಯಾಲಾ? ಇನ್ನಾ ಸತ್ತಿಲ್ಲ ಬೇಟಾ ನಾ," ಎಂದು ನಕ್ಕಳು. ಬಾಯಲ್ಲಿ ಎರಡೇ ಹಲ್ಲು.

"ಗೋರಿದಲ್ಲ ಖಾಲಾ. ದೇಶಕ್ಕ ದುಡದೋರ ಕಲ್ಲು."

ಮೊರ ಕೇರುವುದು ನಿಲ್ಲಲಿಲ್ಲ. "ಅದರ ಮ್ಯಾಲ ಜಾಲಹಳ್ಳಿ ಹುಡುಗನ ಹೆಸರ ಅದ ಏನು?"

"ಮೊದಲನೇದ ಅವರದು."

ಈಗ ಮೊರ ನಿಂತಿತು. "ಹಂಗಾದ್ರ ಅವನ ಹೆಂಡ್ತೀನ ಕೇಳು. ಜಾಲಹಳ್ಳ್ಯಾಗ ಅದಾಳ. ಆಕಿ ಹೂಂ ಅಂದ್ರ ನನ್ನ ಹೆಸರ ಹೇಳ್ತೀನಿ. ಬ್ಯಾಡ ಅಂದ್ರ ಈ ಕಡಿ ಬರಬ್ಯಾಡ."

ಯಾಕೆಂದು ಕೇಳಿದೆ. ನೀರು ಕುಡಿದು ಹೋಗು ಎಂದಳು, ಅಷ್ಟೇ.

ಮಾರನೆಯ ದಿನ ಜಾಲಹಳ್ಳಿಗೆ ಹೋದೆ. ಆ ಹೆಂಗಸು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಡುವಯಸ್ಸಿನವಳು, ಬೋಳು ಹಣೆ. ಒಳಗೆ ಬಸುರಿ ಮಗಳು ಗೋಡೆಗೆ ಒರಗಿ ಕೂತಿದ್ದಳು. ಕಂಬದಲ್ಲಿ ನಿಮ್ಮವರ ಹೆಸರು ಮೊದಲು ಕೆತ್ತಿದ್ದೇನೆ ಎಂದಾಗ ಅವಳ ಮುಖ ಅರಳಿತು, ಮಗಳನ್ನು ಕರೆದು ಚಹಾ ಇಡಲು ಹೇಳಿದಳು. ಬಳೆಗಾರ್ತಿಯ ಮಾತೆತ್ತಿದೆ. ಆ ಅರಳಿದ್ದು ಎಲ್ಲಿ ಹೋಯಿತೋ.

"ಆಕಿ ಇನ್ನಾ ಬದುಕ್ಯಾಳ?" ಎಂದಳು.

ಜೋಳದ ಕಲ್ಲು ಆರಿಸುತ್ತಲೇ, ನನ್ನ ಮುಖ ನೋಡದೆ, ಹೇಳತೊಡಗಿದಳು. "ಬಳಿ ಇಟ್ಲಪಾ ನನಗ. ಬಾಗಲದಾಗ ನಿಂತು ಕೂಗಿದ್ಲು, ಓಡಿ ಹೋಗಿ ಕರಕೊಂಡು ಬಂದೆ. ಕೈ ತುಂಬ ಹಸರ ಬಳಿ. ಇಟ್ಟ ಮ್ಯಾಲ ಬಳಿಗಾರ್ತಿ ಕಾಲು ಮುಟ್ಟಬೇಕಲ್ಲ, ಮುಟ್ಟಿದೆ. ಮುತ್ತೈದಿಯಾಗಿ ಬಾಳು ಅಂದ್ಲು. ಅವತ್ತ ಅವ ಸತ್ತಿದ್ದ. ಆಕೀಗಿ ಗೊತ್ತಿತ್ತು. ಗೊತ್ತಿದ್ದೂ ಅಂದ್ಲು."

ಮಗಳು ತಂದಿಟ್ಟ ಚಹಾ ನಾನು ಮುಟ್ಟಲಿಲ್ಲ.

"ಎಷ್ಟು ತಿಂಗಳ ಕುಂಕುಮ ಹಚ್ಚಿದೆ, ಹೂವ ಮುಡದೆ, ಅವ ಬರ್ತಾನಂತ ದಿನಾ ಬಾಗಲ ಸಾರಸಿದೆ. ನಿಜಾಮ ಹೋದ, ಎಲ್ಲರೂ ಮನಿಗಿ ಬಂದ್ರು. ನಾ ಇದನ್ನ ಬಗಲಾಗ ಹಿಡಕೊಂಡು ನಿಂತಿದ್ದೆ," ಎಂದು ಮಗಳ ಕಡೆ ಗದ್ದ ತೋರಿಸಿದಳು. "ಅವ ಸತ್ತು ಭಾಳ ದಿನ ಆತು ಅಂದ್ರು. ನಮ್ಮತ್ತಿ ಕಲ್ಲು ತಂದು ಬಳಿ ಒಡದ್ಲು. ಗಂಡ ಸತ್ತ ಮ್ಯಾಲ ಬಳಿ ಇಟ್ಟಕೊಂಡು ಕುಣದಾಕಿ ಅಂದ್ಲು, ಸಾಯೋ ತನಕ ಅಂದ್ಲು. ಅಳಾಕ ಕುಂತೆ. ಬಾಣಂತಿ ಅಳಬಾರ್ದು, ಎದಿಹಾಲು ಬತ್ತತದ ಅಂದ್ರು. ಹೊರಗ ಝಂಡಾ ಏರಸಾಕತ್ತಾರ, ಇಂಥಾ ದಿನ ಅಳಬ್ಯಾಡ ಅಂದ್ರು. ಆಮ್ಯಾಲ ಅಳು ಬರಲಿಲ್ಲ."

"ಅವನರ ಏನು, ದೇಶ ದೇಶ ಅಂತ ಹೋದವ ಒಮ್ಮೆ ಹಿಂದ ಹೊಳ್ಳಿ ನೋಡಲಿಲ್ಲ" ಎಂದಳು. ನಾನು ಎದ್ದು ನಿಂತಾಗ ಖಡಕ್ಕಾಗಿ ಹೇಳಿದಳು: "ಅವನ ಹೆಸರ ಇದ್ದ ಕಲ್ಲಿನ ಮ್ಯಾಲ ಆಕಿ ಹೆಸರ ಬ್ಯಾಡ. ಹಾಕೋದಾದ್ರ ಅವನದು ತಗದು ಹಾಕ್ರಿ."

ಕಲ್ಲಿನಿಂದ ಹೆಸರು ತೆಗೆಯಲು ಬರುವುದಿಲ್ಲ. ತೆಗೆದರೂ ಅಲ್ಲೊಂದು ಕುಳಿ ಉಳಿಯುತ್ತದೆ. ಅದನ್ನು ಅವಳಿಗೆ ಹೇಳುವ ಧೈರ್ಯವಾಗಲಿಲ್ಲ.

ದೇವದುರ್ಗಕ್ಕೆ ಬಂದು ಕೆಲಸಕ್ಕೆ ನಿಂತೆ. ಮನಸ್ಸು ಕೈಯಲ್ಲಿರಲಿಲ್ಲ. ಉಳಿದ ಹೆಸರೊಂದರ ಒತ್ತಕ್ಷರದ ಮೇಲೆ ಪೆಟ್ಟು ಹೆಚ್ಚಾಗಿ ಉಗುರಿನಷ್ಟು ಚಕ್ಕೆ ಎದ್ದು ಹೋಯಿತು. ಅರಗು ಕಾಯಿಸಿ, ಅದೇ ಕಲ್ಲಿನ ಪುಡಿ ಕಲಸಿ, ಮೆತ್ತಿ, ಆರಿದ ಮೇಲೆ ಉಜ್ಜಿ, ಮತ್ತೆ ಅಕ್ಷರ ಬಿಡಿಸುವುದರಲ್ಲಿ ಒಂದು ದಿನ ಪೂರ್ತಿ ಹೋಯಿತು. ಹಿರಿಯರು ಏನಾಯಿತು ಎಂದು ಕೇಳಿದರು. ಜಾಲಹಳ್ಳಿಯಾಕೆ ಒಪ್ಪಲಿಲ್ಲ ಎಂದೆ. ಅವರು ನೆಲ ನೋಡಿದರು. ಯಾಕೆ ಒಪ್ಪಲಿಲ್ಲವೆಂದು ಕೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಚುಚ್ಚಿತು.

ಬೇಡ ಎಂದರೆ ಬರಬೇಡ ಎಂದು ಬಳೆಗಾರ್ತಿ ಹೇಳಿದ್ದಳು. ಆದರೂ ಹೋದೆ. ಕೊನೆಯ ಸಾಲು ಖಾಲಿ ಬಿಟ್ಟು ಕಂಬ ಮುಗಿಸುವುದು ನನ್ನಿಂದಾಗುತ್ತಿರಲಿಲ್ಲ, ಜೊತೆಗೆ ಸಿಟ್ಟೂ ಬಂದಿತ್ತು. ಗಿರಣಿಯ ಗೇಟಿನಲ್ಲೇ ಅವಳನ್ನು ನಿಲ್ಲಿಸಿ ಕೇಳಿದೆ. "ಸತ್ತವನ ಹೆಂಡ್ತಿಗಿ ಯಾಕ ಬಳಿ ಇಟ್ಟಿ ಖಾಲಾ?"

ಅವಳು ಅಲ್ಲೇ ಗೋಡೆಯ ನೆರಳಿಗೆ ಕೂತಳು.

"ಹೊಳಿ ದಂಡ್ಯಾಗ ಅವನ ಹೆಣ ನಾನ ನೋಡಿದೆ. ಆಚಿ ಕಡಿಯಿಂದ ದಾಟಿ ಬರಾಕತ್ತಿದ್ದ, ಈ ದಂಡಿಗಿ ಕಾಲಿಟ್ಟ ಕೂಡಲೇ ಗುಂಡು ಹೊಡದಾರ. ಯಾಕ ಬಂದ ಗೊತ್ತೇನು? ಹೆಂಡ್ತಿ ಬಸುರಿ ಅಂತ ಸುದ್ದಿ ಮುಟ್ಟಿತ್ತು. ನೋಡಿ ಬರ್ತೀನಿ ಅಂತ ಯಾರ ಮಾತೂ ಕೇಳದ ಹೊಂಟಿದ್ದ. ಆ ಸುದ್ದಿ ಒಯ್ದಾಕಿ ನಾನು."

"ಆಮ್ಯಾಲ?"

"ಜಾಲಹಳ್ಳಿಗಿ ಬಂದೆ. ಬಾಗಲ ದಾಟಿ ಹೋಗಬೇಕಿತ್ತು. ಆದ್ರ ಅವತ್ತ ಊರಾಗ ಸಿಪಾಯ್‌ರು ಇಳದಿದ್ರು. ಆಕಿ ಮನಿ ಬಾಜೂಕ ನೆಲದಾಗ ತೋಡಿದ ಜೋಳದ ಹಗೇವಿನ್ಯಾಗ ಶಿಬಿರದ ಆರು ಮಂದಿ ಅಡಗಿದ್ರು. ನಾ ದಾಟಿ ಹೋದ್ರ ಆಕಿ ಒದರತಿದ್ಲು. ಹೆಣ್ಣಿನ ಅಳು ಕೇಳಿದ್ರ ಯಾರ ಗಂಡ ಸತ್ತ, ಯಾಕ ಸತ್ತ ಅಂತ ಮನಿ ಮನಿ ಹುಡುಕತಿದ್ರು. ಹಗೇವಿನ ಬಾಯಿಗಿ ಬಾಗಿ ಏನು ಮಾಡ್ಲಿ ಅಂತ ಕೇಳಿದೆ. ಬಳಿ ಇಡು ಅಂದ್ರು ಒಳಗಿಂದ. ನಿನಗ ಕೆತ್ತಾಕ ಹಚ್ಚ್ಯಾನಲ್ಲ, ಆ ಕಾಲು ಬಾತವ, ಅವನ ಅಂದಿದ್ದು."

ನಾನೂ ಅವಳ ಎದುರು ನೆಲಕ್ಕೆ ಕೂತೆ.

"ಆಕಿ ಕೈ ಹಿಡದು ಹಿಸುಕಿ, ಹೆಬ್ಬಟ್ಟು ಒಳಗ ಮಡಚಿ, ಒಂದೊಂದ ಬಳಿ ಏರಸಿದೆ. ಆಕಿ ನಗಾಕತ್ತಿದ್ಲು. ಆಮ್ಯಾಲ ನಾ ಮಲಾರ ಮುಟ್ಟಲಿಲ್ಲ ಬೇಟಾ." ಬೇರೆಯವರ ಸುದ್ದಿ ಹೇಳುವ ಹಾಗೆ ಮುಂದುವರಿಸಿದಳು. "ನಿಜಾಮ ಹೋದ ಮ್ಯಾಲ ನಮ್ಮ ಮಂದಿ ಮ್ಯಾಲ ಗದ್ದಲ ಆತಲ್ಲ, ಆಗ ನನ್ನ ಗಂಡಗ ಹೊಲದಾಗ ಹೊಡದು ಹಾಕಿದ್ರು. ನಾ ಯಾರ ಕೆಲಸ ಮಾಡಿದ್ದೆ ಅಂತ ಹೊಡದೋರಿಗಿ ಏನು ಗೊತ್ತು? ನನಗ ಬಂದು ಹೇಳೋರೂ ಇರಲಿಲ್ಲ. ನನ್ನ ಬಳಿ ನಾನ ಒಡಕೊಂಡೆ."

ಏಳುವಾಗ ನನ್ನ ಮಣಿಕಟ್ಟು ಹಿಡಿದಳು. "ಸುದ್ದಿ ಒಯ್ದದ್ದು ಆಕೀಗಿ ಹೇಳಬ್ಯಾಡ. ನನ್ನ ಮ್ಯಾಲ ಸಿಟ್ಟ ಇದ್ರ ಇರಲಿ."

ದೇವದುರ್ಗಕ್ಕೆ ಬಂದವನು ಏಣಿ ಹತ್ತಲಿಲ್ಲ. ಉಳಿಗಳನ್ನೆಲ್ಲ ಗೋಣಿಯಲ್ಲಿ ಸುತ್ತಿ ಹಿರಿಯರ ಕುರ್ಚಿಯ ಮುಂದೆ ಇಟ್ಟೆ. "ಬಳಿ ಇಡು ಅಂದೋರು ನೀವಂತ. ಜಾಲಹಳ್ಳಿಯಾಕಿಗಿ ಇದು ಗೊತ್ತಾಗೋ ತನಕ ನಾ ಉಳಿ ಮುಟ್ಟಂಗಿಲ್ಲ. ಬ್ಯಾರೆಯವರ ಕಡೆ ಕೆತ್ತಿಸಿಕೊಳ್ರಿ" ಎಂದೆ. ಹಬ್ಬ ಹತ್ತಿರ ಬಂದಿತ್ತು, ಬೇರೆ ಯಾರೂ ಸಿಗುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಆ ಗೋಣಿಯ ಗಂಟನ್ನೇ ನೋಡುತ್ತ ಹೇಳಿದರು. "ಆರು ಜೀವ ಇದ್ವು ಉಸ್ತಾದ್. ಒಂದು ಹೆಣ್ಣಿನ ಅಳು ಆಮ್ಯಾಲ ಅತ್ತರಾತು ಅಂದ್ಕೊಂಡೆ. ಹೊರಗ ಬಂದ ಮ್ಯಾಲ ಆಕಿ ಮುಂದ ನಿಂತು ಹೇಳಬೇಕಿತ್ತು. ಇವತ್ತ ಹೇಳ್ತೀನಿ, ನಾಳಿ ಹೇಳ್ತೀನಿ ಅಂತ ಇಲ್ಲೀತನ ಬಂತು. ಹೋಗು, ನನ್ನ ಹೆಸರ ಹಿಡದ ಹೇಳು. ಎಲ್ಲಾ ಹೇಳು." ನೀವೇ ಬನ್ನಿ ಎಂದೆ. ಕಾಲು ತೋರಿಸಿದರು. ಆ ಕಾಲಿನ ಮೇಲೆ ನನಗೆ ಕನಿಕರ ಬರಲಿಲ್ಲ.

ಎಲ್ಲಾ ಹೇಳು ಎಂದವರು ಒಬ್ಬರು, ಒಂದನ್ನು ಹೇಳಬೇಡ ಎಂದವಳು ಒಬ್ಬಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಗಂಡ ಹಿಂದೆ ತಿರುಗಿ ನೋಡಲೇ ಇಲ್ಲ ಎಂದಿದ್ದಳಲ್ಲ, ಆ ಮಾತು ನನ್ನನ್ನು ಬಿಡುತ್ತಿರಲಿಲ್ಲ. ಅವನು ತಿರುಗಿ ನೋಡಿದ್ದ, ಅದಕ್ಕೇ ಸತ್ತಿದ್ದ. ಅದನ್ನು ತಿಳಿಯುವುದು ಅವಳ ಹಕ್ಕು ಎನಿಸಿತು. ಜಾಲಹಳ್ಳಿಯಲ್ಲಿ ಇಳಿಯುವಾಗ ಎಲ್ಲಾ ಹೇಳುವುದೆಂದು ತೀರ್ಮಾನಿಸಿದ್ದೆ.

ಹಗೇವಿನ ವಿಷಯ, ಹಿರಿಯರು ಹೇಳಿದ್ದು, ಸಿಪಾಯಿಗಳು ಇಳಿದಿದ್ದು, ಎಲ್ಲವನ್ನೂ ಅವಳು ಕದಲದೆ ಕೇಳಿದಳು. ಕೊನೆಗೆ, "ನಿಮ್ಮವರು ನಿಮ್ಮನ್ನ ನೋಡಾಕಂತನ ಹೊಳಿ ದಾಟಿದ್ರಂತ್ರಿ. ನೀವು ಬಸುರಿ ಅನ್ನೋದು ತಿಳಿದು" ಎಂದೆ.

"ನನ್ನ ನೋಡಾಕ?"

"ಹೂಂರಿ. ಸುದ್ದಿ ಒಯ್ದಾಕಿ ಆಕೀನ."

ಅವಳ ಕೈಯಲ್ಲಿದ್ದ ಚರಿಗೆ ಹಾಗೇ ನೆಲಕ್ಕೆ ಇಳಿಯಿತು. ನನಗಲ್ಲ, ತನಗೇ ಹೇಳಿಕೊಂಡ ಹಾಗೆ ಹೇಳಿದಳು. "ನಾನ ಕಳಿಸಿದ್ದೆ. ಅದಕ್ಕೂ ಮೊದಲೊಮ್ಮೆ ಬಳಿ ಇಡಸಿಕೊಳ್ಳುವಾಗ ಆಕಿ ಕಿವ್ಯಾಗ ನಾನ ಹೇಳಿದ್ದೆ, ಅವಗ ತಿಳಸು ಅಂತ. ಮುಟ್ಟತೋ ಇಲ್ಲೋ ಅಂತ ಇವತ್ತಿನ ತನಕ ಗೊತ್ತಿರಲಿಲ್ಲ."

ಹೇಳಬೇಡ ಎಂದು ಮುದುಕಿ ನನ್ನ ಕೈ ಹಿಡಿದದ್ದು ಯಾಕೆಂದು ಆಗ ತಿಳಿಯಿತು. ಈ ಮಾತು ಇವಳ ಕಿವಿಗೆ ಬೀಳಬಾರದೆಂದೇ ಅವಳು ಇಷ್ಟು ವರ್ಷ ಇವಳ ಶಾಪ ಹೊತ್ತು ಬದುಕಿದ್ದಳು. ನಾನು ಒಂದು ಮಧ್ಯಾಹ್ನದಲ್ಲಿ ಅದನ್ನು ಒಡೆದು ಹಾಕಿದ್ದೆ. ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಅವಳೇ ಮಾತಾಡಿದ್ದು. "ಬರೋ ಶುಕ್ರವಾರ ಮಗಳ ಕುಬಸ ಅದ. ಬಸುರಿಗಿ ಬಳಿ ಇಡಾಕ ಆಕೀನ ಕರಕೊಂಡು ಬಾ. ಬ್ಯಾರೆ ಯಾರೂ ಬ್ಯಾಡ, ಆಕೀನ ಬರಬೇಕು."

ಮಾನ್ವಿಯ ಮುದುಕಿ ನನ್ನ ಮುಖ ನೋಡಿದ ಕೂಡಲೇ ತಿಳಿದುಕೊಂಡಳು. "ಹೇಳಿದಿ," ಎಂದಳು. ತಲೆ ಬಗ್ಗಿಸಿದೆ. "ಮುಚ್ಚಿಟ್ಟಿದ್ದೆ ಬೇಟಾ, ಇಷ್ಟ ವರ್ಷ," ಎಂದು ಮೊರದ ಕಡೆ ತಿರುಗಿದಳು. ಕುಬಸಕ್ಕೆ ಕರೆದಿದ್ದಾರೆಂದು ಹೇಳಿ ಬಂದೆ. ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹೋದರೆ ಒಗೆದ ಸೀರೆ ಉಟ್ಟು ಬಸ್ ನಿಲ್ದಾಣದಲ್ಲಿ ಕೂತಿದ್ದಳು. ಮಡಿಲಲ್ಲಿ ಕಾಗದದಲ್ಲಿ ಸುತ್ತಿದ ಹಸಿರು ಬಳೆ. ಸಂತೆಯಲ್ಲಿ ತಾನೇ ಆರಿಸಿ ತಂದಿದ್ದಳಂತೆ.

ಜಾಲಹಳ್ಳಿಯ ಆ ಮನೆ ತುಂಬ ಹೆಂಗಸರಿದ್ದರು. ಮಗಳನ್ನು ಹಸಿರು ಸೀರೆಯಲ್ಲಿ ನಡುಮನೆಯ ಮಣೆಯ ಮೇಲೆ ಕೂರಿಸಿದ್ದರು. ವಿಧವೆಯಾದ ತಾಯಿ ಶಾಸ್ತ್ರದ ಮುಂದೆ ಬರುವಂತಿಲ್ಲ, ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಮುದುಕಿ ಹೊಸ್ತಿಲು ದಾಟಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ, ಒಳಗಿನದೆಲ್ಲ ಕಾಣುತ್ತಿತ್ತು.

ಮುದುಕಿ ಹುಡುಗಿಯ ಎದುರು ಕೂತು ಕೈ ಹಿಡಿದಳು. ಬಳೆ ಬಿಚ್ಚಲಿಲ್ಲ. "ಯವ್ವಾ, ನಿನ್ನ ಗಂಡ ಎಲ್ಲಿ ಅದಾನ?"

"ಹೊಲಕ್ಕ ಹೋಗ್ಯಾನ್ರಿ."

"ಕರಸು."

ಹೆಂಗಸರು ಮುಖ ಮುಖ ನೋಡಿಕೊಂಡರು. ಕುಬಸದಲ್ಲಿ ಗಂಡಸಿಗೇನು ಕೆಲಸ ಎಂದು ಒಬ್ಬಾಕೆ ನಕ್ಕಳು. ಹೊತ್ತು ಮೀರುತ್ತದೆ ಎಂದಳು ಇನ್ನೊಬ್ಬಳು. ಮುದುಕಿ ಹುಡುಗಿಯ ಕೈ ಬಿಡಲಿಲ್ಲ, ಬಳೆಯನ್ನೂ ಮುಟ್ಟಲಿಲ್ಲ. "ಕಣ್ಣಿಲೆ ನೋಡೋ ತನಕ ಇಡಂಗಿಲ್ಲ" ಎಂದಳು. ಕೊನೆಗೆ ಯಾರೋ ಹೊಲಕ್ಕೆ ಓಡಿದರು. ಅಳಿಯ ಬಂದ, ಮೊಣಕಾಲ ತನಕ ಕೆಸರು, ಏನಾಯಿತೋ ಎಂಬ ಗಾಬರಿ. ಮುದುಕಿ ಅವನನ್ನು ಹತ್ತಿರ ಕರೆದು, ಅಡಿಯಿಂದ ಮುಡಿಯ ತನಕ ನೋಡಿ, "ಒಂದು ಮಾತಾಡಪಾ" ಎಂದಳು.

"ಏನು ಮಾತಾಡ್ಲಿ ಯವ್ವಾ?" ಎಂದ ಅವನು.

"ಸಾಕು," ಎಂದು ಕಾಗದ ಬಿಚ್ಚಿದಳು. ಹುಡುಗಿಯ ಬೆರಳ ಗೆಣ್ಣು ಒತ್ತಿ, ಹೆಬ್ಬೆರಳು ಮಡಚಿ, ಒಂದೊಂದಾಗಿ ಏರಿಸಿದಳು. ಒಂದು ಬಳೆಯೂ ಒಡೆಯಲಿಲ್ಲ. ಹುಡುಗಿ ಬಗ್ಗಿ ಕಾಲು ಮುಟ್ಟಿದಾಗ ಮತ್ತೊಮ್ಮೆ ಅಳಿಯನ ಕಡೆ ಕಣ್ಣು ಹಾಯಿಸಿ, "ಮುತ್ತೈದಿಯಾಗಿ ಬಾಳು" ಎಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ಬರಕೋ ಬೇಟಾ. ಹುಸೇನಬಿ. ಗಂಡನ ಹೆಸರ ಹಾಕಬ್ಯಾಡ. ಆ ಕಲ್ಲಿನ ಸುತ್ತ ಅವಗ ಹೊಡದೋರೂ ಬಂದು ನಿಂದ್ರಬಹುದು, ಅವಗ ಅಲ್ಲಿ ಬ್ಯಾಡ." ಅದನ್ನು ನಾನು ಮಾರನೆಯ ದಿನ ಕೊನೆಯ ಸಾಲಿನಲ್ಲಿ ಹಾಗೇ ಕೆತ್ತಿದೆ. ಗಂಡನ ಹೆಸರೆಲ್ಲಿ ಎಂದು ಸಾಹೇಬರು ಕೇಳಿದರು, ಇಷ್ಟೇ ಇರುವುದು ಎಂದೆ. ಆದರೆ ಅದು ಆಮೇಲಿನ ಮಾತು.

ಆ ಹೆಸರು ಹೇಳಿದ ಕೂಡಲೇ ಅಡಿಗೆಮನೆಯ ಬಾಗಿಲ ಹಿಂದಿನಿಂದ "ಹುಸೇನಬಿ" ಎಂದು ಒಂದು ದನಿ ಬಂತು. ಮೆಲ್ಲಗೆ, ಕಲಿಯುವವರು ಅಂದು ನೋಡುವ ಹಾಗೆ. ಅದರ ಹಿಂದೆಯೇ ಅಳು. ಅಂಥ ಅಳುವನ್ನು ನಾನು ಹೆಣದ ಮನೆಗಳಲ್ಲಿ ಮಾತ್ರ ಕೇಳಿದ್ದೆ, ಅದೂ ಹೆಣ ಎತ್ತುವ ಹೊತ್ತಿನಲ್ಲಿ. ಅವಳು ಗಂಡನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಹೆಂಗಸರು ಗಾಬರಿಯಾಗಿ ಎದ್ದರು. ಶುಭದ ಮನಿ, ಬಸುರಿ ಕುಂತಾಳ, ಸುಮ್ಮನಿರು ಎಂದು ಒಬ್ಬಾಕೆ ಅವಳ ಬಾಯಿ ಮುಚ್ಚಲು ಹೋದಳು.

ಹುಸೇನಬಿ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಅಳ್ಳಿ ಬಿಡ್ರಿ," ಎಂದಳು. "ಅವತ್ತ ಆಕೀಗಿ ಅಳಾಕ ಬಿಟ್ಟಿಲ್ಲ ನಾ."